ಸಮ ಸವರಿದ ಎರಡು ಪಾವು

ಸಕ್ಕರೆ ಡಬ್ಬಕ್ಕೆ ಇರುವೆ ಹತ್ತಿತ್ತು. ಎಲ್ಲವನ್ನೂ ಮೊರಕ್ಕೆ ಸುರಿದು, ಬಿಸಿಲಿಗಿಟ್ಟು, ಕೈಯಿಂದ ಹರಡುತ್ತಿದ್ದೆ. ಕಾದ ಸಕ್ಕರೆಗೆ ಒಂದು ವಾಸನೆಯಿರುತ್ತದೆ, ಮೂಗಿಗಿಂತ ಗಂಟಲಿಗೆ ತಿಳಿಯುವಂಥದ್ದು. ಅಷ್ಟರಲ್ಲಿ ಶಿಡ್ಲಘಟ್ಟದ ನಮ್ಮ ಹಳೆಯ ಬೀದಿಯಿಂದ ಫೋನ್ ಬಂತು. ಪಕ್ಕದ ಮನೆಯ ಅಕ್ಕ ಹೋಗಿಬಿಟ್ಟರಂತೆ, ಬೆಳಗಿನ ಜಾವ, ನಿದ್ದೆಯಲ್ಲೇ…

ನಾನು ಮದುವೆಯಾಗಿ ಆ ಬೀದಿಗೆ ಹೋದದ್ದು ಎಂಬತ್ತರ ದಶಕದಲ್ಲಿ. ಬೀದಿಗೆಲ್ಲ ರೇಷ್ಮೆಗೂಡು ಬೇಯಿಸುವ ನಾತ. ಅತ್ತೆಯವರನ್ನು ಕೇಳದೆ ಹೊಸಿಲು ದಾಟುವಂತಿರಲಿಲ್ಲ. ಆದರೂ ನಮ್ಮ ಬಾಗಿಲಿಗೆ ಬೀಗವಿರಲಿಲ್ಲ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು ಎಂದುಕೊಳ್ಳುತ್ತಿದ್ದೆ. ಪಕ್ಕದ ಮನೆಗೆ ಇತ್ತು. ಅಕ್ಕನ ಯಜಮಾನರು ನೂಲು ಬಿಚ್ಚುವ ಘಟಕಕ್ಕೆ ಹೊರಡುವಾಗ ಬೀದಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಕಳ್ಳರ ಕಾಟ ಎನ್ನುತ್ತಿದ್ದರು. ಸಂಜೆಯವರೆಗೆ ಅಕ್ಕನಿಗೆ ಇದ್ದದ್ದು ಹಿತ್ತಿಲು, ಹಿತ್ತಿಲ ಗೋಡೆ, ಗೋಡೆಯ ಈಚೆ ನಾನು.

ಅಕ್ಕ ಕೇಕು ಮಾಡುತ್ತಿದ್ದರು. ಸೀಮೆಎಣ್ಣೆ ಸ್ಟವ್ ಮೇಲೆ ಹಳೇ ಪಾತ್ರೆ, ಅದರಲ್ಲಿ ಮರಳು, ಮರಳಿನ ಮೇಲೆ ಕೇಕಿನ ತಟ್ಟೆ. ಪತ್ರಿಕೆಯಲ್ಲಿ ಬರುವ ಅಳತೆಯೆಲ್ಲ ಗ್ರಾಂ ಲೆಕ್ಕ, ಮನೆಯಲ್ಲಿ ತಕ್ಕಡಿ ಇಲ್ಲ. ಅಂಗಡಿಯಿಂದ ಬಂದ ಅರ್ಧ ಕೆಜಿ ಸಕ್ಕರೆ ಪೊಟ್ಟಣವನ್ನು ಬಿಚ್ಚಿ ಪಾವಿನಲ್ಲಿ ಅಳೆದೂ ಅಳೆದೂ, ಸಮವಾಗಿ ಸವರಿದರೆ ಎರಡೂವರೆ ಪಾವು ಎಂದು ಅವರೇ ಕಂಡುಕೊಂಡಿದ್ದರು. ಅಂದರೆ ಪಾವಿಗೆ ಇನ್ನೂರು ಗ್ರಾಂ.

“ಪುಡಿ ಮಾಡೋಕ್ ಮುಂಚೆ ಅಳೀಬೇಕು ಕಣಮ್ಮ,” ಎನ್ನುತ್ತಿದ್ದರು. “ಪುಡಿ ಆದ್ಮೇಲೆ ಪಾವನ್ನ ನಂಬೋಕಾಗಲ್ಲ. ಅರಳ್ಕೊಂಡು ಕೂತಿರುತ್ತೆ, ತೂಕ ಇರಲ್ಲ.”

ಚಿಂತಾಮಣಿಯ ಮಹಿಳಾ ಮಂಡಳಿಯವರು ಕೇಕು ಕಲಿಸಲು ಒಬ್ಬರನ್ನು ಹುಡುಕುತ್ತಿದ್ದರು. ವಾರಕ್ಕೆ ಎರಡು ದಿನ, ಬಸ್ಸಿನಲ್ಲಿ ಹೋಗಿ ಬರುವುದು. ಗೌರಿಬಿದನೂರಿನಿಂದ ಅಕ್ಕನ ಅಣ್ಣ ಬಂದು ಯಜಮಾನರನ್ನು ಬಹಳ ಕಾಡಿದರು. ಕೊನೆಗೆ ಯಜಮಾನರು, ಭಾನುವಾರ ಮಂಡಳಿಯಮ್ಮನನ್ನು ಕರೆಸಿ, ಕೇಕು ಅವರ ಬಾಯಿಗೆ ಹಿಡಿಸಿದರೆ ಕಳಿಸುತ್ತೇನೆ ಎಂದು ಒಪ್ಪಿದರು. ಆ ಒಂದು ವಾರ ಅಕ್ಕನ ನಡಿಗೆಯೇ ಬೇರೆಯಾಗಿತ್ತು.

ಅಕ್ಕನ ಮನೆಯಲ್ಲಿ ಮಿಕ್ಸಿ ಇರಲಿಲ್ಲ. ನನ್ನ ತವರಿನವರು ಕೊಟ್ಟದ್ದು ನಮ್ಮಲ್ಲಿತ್ತು. ಭಾನುವಾರ ಬೆಳಿಗ್ಗೆ ಗೋಡೆಯ ಮೇಲಿನಿಂದ ಸಕ್ಕರೆ ಡಬ್ಬ ಚಾಚಿ, “ಎರಡು ಪಾವು, ಸಮ ಸವರಿ, ಪುಡಿ ಮಾಡ್ಕೊಡಮ್ಮ. ಇವರು ಮನೇಲೇ ಇದಾರೆ, ಅಳೆಯೋಕೂ ಬಿಡುವಿಲ್ಲ, ಬೇಗ,” ಎಂದರು.

ನಮ್ಮಮ್ಮ ಕಲಿಸಿದ್ದು ಬೇರೆ. ಅಳೆಯುವಾಗ ಒಂದು ಎನ್ನಬಾರದು, ಲಾಭ ಎನ್ನಬೇಕು. ಪಾವಿಗೆ ತಲೆ ಕಟ್ಟಬೇಕು. ಬೋಳಾಗಿ ಸವರಿ ಕೊಟ್ಟರೆ ಮನೆಗೆ ಶ್ರೇಯಸ್ಸಲ್ಲ. ಅಕ್ಕ ಶುಭಕಾರ್ಯಕ್ಕೆ ಹೊರಟಿದ್ದಾರೆ, ಅವರಿಗೆ ಬೋಳು ಅಳತೆ ಹೇಗೆ ಕೊಡಲಿ? ದೇವರ ಪಟದ ಕಡೆ ಒಮ್ಮೆ ನೋಡಿ ಲಾಭ ಎಂದು ಗೋಪುರದ ಹಾಗೆ ತುಂಬಿದೆ. ಎರಡು ಎಂದು ಇನ್ನೊಂದು ಗೋಪುರ. ಮೇಲೊಂದು ಹಿಡಿ, ಒಳ್ಳೆಯದಾಗಲಿ ಎಂದು. ಪುಡಿ ಮಾಡಿ ಕೊಟ್ಟುಬಿಟ್ಟೆ. ಪುಡಿಯಾದ ಮೇಲೆ ಅಕ್ಕನಿಗೆ ಅಳೆದು ನೋಡಲು ದಾರಿಯೇ ಇರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ಕೇಕು ಉಬ್ಬಿತಂತೆ, ಆಮೇಲೆ ನಡುವೆ ಕುಸಿಯಿತಂತೆ. ಚಾಕು ಹಾಕಿದರೆ ಒಳಗೆ ಅಂಟು, ಸಕ್ಕರೆ ಹೆಚ್ಚಾದರೆ ಆಗುವ ಹಾಗೆ. ನಾನು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಅಕ್ಕನ ಅಣ್ಣನಿಗೆ ಹೇಳುತ್ತಿದ್ದ ಯಜಮಾನರ ದನಿ ಗೋಡೆ ದಾಟಿ ಬಂತು. “ಇದನ್ನ ಕಲಿಸೋಕೆ ಚಿಂತಾಮಣಿಗೆ ಹೋಗ್ಬೇಕಾ ಇವಳು? ಮೊದ್ಲು ಮನೇಲಿ ಕೂತು ಕಲೀಲಿ ಬಿಡಿ ಭಾವ.” ಯಾರೋ ನಕ್ಕರು.

ಮರುದಿನ ಅಕ್ಕ ಗೋಡೆಯ ಹತ್ತಿರ ಬಂದರು. ಕಣ್ಣು ಬಾತಿತ್ತು.

“ಸಮ ಸವರಿದ್ಯಲ್ಲಮ್ಮ?”

“ಹೂಂ ಅಕ್ಕ,” ಎಂದೆ.

“ಹಂಗಾದ್ರೆ ನಾನೇ ಉರಿ ಜಾಸ್ತಿ ಇಟ್ಟಿರ್ಬೇಕು… ಪೋನೀಲೇ,” ಎಂದು ತವರಿನ ತೆಲುಗಿನಲ್ಲಿ, ಹೋಗಲಿ ಬಿಡು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಒಳಗೆ ಹೋದರು.

ಆಮೇಲೆ ಅವರು ಮರಳಿನ ಪಾತ್ರೆ ಇಟ್ಟಿದ್ದನ್ನು ನಾನು ಕಾಣಲಿಲ್ಲ. ನಾವು ಚಿಕ್ಕಬಳ್ಳಾಪುರಕ್ಕೆ ಮನೆ ಬದಲಾಯಿಸುವವರೆಗೆ, ಆರೇಳು ವರ್ಷ, ದಿನಾ ಬೆಳಿಗ್ಗೆ ಆ ಬೀಗ ಬೀಳುವ ಸದ್ದು ಕೇಳಿದ್ದೇನೆ. ಕೇಳಿದಾಗಲೆಲ್ಲ ಹೇಳಿಬಿಡೋಣ ಎನಿಸುತ್ತಿತ್ತು. ಪೂಜೆಯಲ್ಲಿ ದೇವರಿಗೆ ಹೇಳಿದೆ, ಎಷ್ಟೋ ಸಲ. ಹೇಳಬೇಕಾದವರು ಗೋಡೆಯಾಚೆ ಇದ್ದರು…

ಫೋನಿನಲ್ಲಿ ಇನ್ನೊಂದು ಮಾತು ಹೇಳಿದರು. ಬೀದಿ ಬಾಗಿಲನ್ನು ಬೆಳಗಿನಿಂದ ಪೂರ್ತಿ ತೆರೆದಿಟ್ಟಿದ್ದಾರಂತೆ, ನೋಡಲು ಬರುವ ಜನಕ್ಕೆ. ನರಳದೆ ಹೋದರು, ಅದೊಂದು ಪುಣ್ಯ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬಾಯಿಲ್ಲ.

ಮೊರದಲ್ಲಿ ಇರುವೆಗಳು ಹೋಗಿದ್ದವು. ಸಕ್ಕರೆಯನ್ನು ಡಬ್ಬಕ್ಕೆ ತುಂಬಿ, ನಾಲ್ಕು ಲವಂಗ ಹಾಕಿ ಮುಚ್ಚಿದೆ. ನಾಳೆಯ ದೋಸೆಗೆ ಅಕ್ಕಿ ನೆನೆಹಾಕಬೇಕಿತ್ತು. ಲಾಭ ಎಂದೆ. ಪಾವು ತುಂಬಿ ತಲೆ ಕಟ್ಟಿತು. ಅಂಗೈಯಿಂದ ಸಮವಾಗಿ ಸವರಿದೆ. ಉದುರಿದ ಕಾಳನ್ನು ಆಯ್ದು ಅಕ್ಕಿ ಡಬ್ಬಕ್ಕೆ ಹಾಕಿ, ಎರಡನೆಯ ಪಾವು ತುಂಬಿದೆ.