ಗಚ್ಚಿಗೆ ಒಂದು ಗೇಣು ಗಾಳಿ

ಇಸ್ಮಾಯಿಲ್ ಉಸ್ತಾದರ ಬಾಯಲ್ಲಿ ಬೀದರಿನ ಯಾವ ಅಂಗಡಿಯ ಹೆಸರೂ ನಿಲ್ಲುತ್ತಿರಲಿಲ್ಲ. "ಎರಡು ಗಿಳಿ ಅಂಗಡಿ ಮುಂದ ನಿಂತೀನಿ, ಬರ್ರಿ ಅಕ್ಕಾರ" ಎಂದು ಫೋನು ಮಾಡುತ್ತಿದ್ದರು. ಹೋಗಿ ನೋಡಿದರೆ ಅದು ಮೊಬೈಲ್ ಅಂಗಡಿ. ಮೇಲಿನಿಂದ ಕೆಳಗಿನವರೆಗೆ ನೀಲಿ ಅಲ್ಯುಮಿನಿಯಂ ಶೀಟು, ಅದರ ಮೇಲೆ ನಗುವ ನಟಿಯೊಬ್ಬಳ ಚಿತ್ರ. ಗಿಳಿ ಎಲ್ಲಿ ಎಂದು ಕೇಳಿದರೆ ನಟಿಯ ಕಿವಿಯ ಕಡೆ ಬೆರಳು ತೋರಿಸುತ್ತಿದ್ದರು. "ಅಕಿ ಹಿಂದ ಅದಾವ್ರಿ. ನಾನೇ ಮುಚ್ಚೀನಿ."

ಹಳೆ ಪೇಟೆಯ ಅರ್ಧಕ್ಕರ್ಧ ಅಂಗಡಿಗಳ ಮುಖ ಮುಚ್ಚಿದವರು ಅವರೇ. ಕಬ್ಬಿಣದ ಚೌಕಟ್ಟು ಬೆಸೆದು, ಮೇಲೆ ಶೀಟು ಕೂಡಿಸುವುದು ಅವರ ಕಸುಬು. ಆದರೆ ಅವರ ತಂದೆ, ಅಜ್ಜ ಎಲ್ಲ ಗಚ್ಚಿನ ಕೆಲಸದವರು. ಸುಣ್ಣದ ಗಾರೆಯಲ್ಲಿ ಹೂವು, ಬಳ್ಳಿ, ಗಿಳಿ, ಕಮಾನು ಎಬ್ಬಿಸುತ್ತಿದ್ದವರು. ಉಸ್ತಾದರೂ ಚಿಕ್ಕಂದಿನಲ್ಲಿ ಅದನ್ನೇ ಕಲಿತವರು. ಆಮೇಲೆ ಗಚ್ಚು ಕೇಳುವವರೇ ಇಲ್ಲವಾಗಿ, ಹೊಟ್ಟೆಪಾಡಿಗೆ ವೆಲ್ಡಿಂಗ್ ಹಿಡಿದರು. "ನಮ್ಮಪ್ಪ ಮಾಡಿದ್ದು ನಾ ಮುಚ್ಚತೇನಿ. ಮನಿ ಕೆಲಸ ಮನ್ಯಾಗೇ ಉಳೀತು ನೋಡ್ರಿ" ಎಂದು ನಗುತ್ತಿದ್ದರು. ನಗು ಮುಗಿಯುವ ಮೊದಲೇ ಕೆಮ್ಮು ಬರುತ್ತಿತ್ತು.

ಕೆಲಸಕ್ಕೆ ನಿಂತರೆ ಅವರದೊಂದು ಹಟ. ಗೋಡೆಗೆ ಬೋಲ್ಟು ಹೊಡೆಯುವವರಲ್ಲ. ಚೌಕಟ್ಟಿಗೆ ಕಾಲು ಕೊಟ್ಟು ನೆಲದ ಮೇಲೆ ನಿಲ್ಲಿಸಿ, ಗೋಡೆಗೂ ಶೀಟಿಗೂ ನಡುವೆ ಒಂದು ಗೇಣು ಜಾಗ ಬಿಡುತ್ತಿದ್ದರು. "ಗಚ್ಚಿಗಿ ಗಾಳಿ ಬೇಕ್ರಿ. ಮಾರಿ ಮುಚ್ಚಿದ್ರೂ ಉಸರು ಕಟ್ಟಸಬಾರ್ದು." ಇದರಿಂದ ಎರಡು ದಿನದ ಕೆಲಸ ಆರು ದಿನ ಆಗುತ್ತಿತ್ತು. ಅಂಗಡಿಯವರು ಗೊಣಗುತ್ತಿದ್ದರು. ಇವರು ಕಿವುಡರ ಹಾಗೆ ಗೇಣು ಅಳೆಯುತ್ತ ಇರುತ್ತಿದ್ದರು.

ಭಾಲ್ಕಿಯ ಕಿರಾಣಿ ವ್ಯಾಪಾರಿಯೊಬ್ಬರ ಕಥೆಯನ್ನು ಅವರೇ ನನಗೆ ಹೇಳಿದ್ದು. ಆ ಅಂಗಡಿಯ ಬಾಗಿಲ ಮೇಲೆ ಕಟ್ಟಿಗೆಯಲ್ಲಿ ಕೆತ್ತಿದ ಗಣಪತಿ. ಶೀಟು ಬಂದರೆ ಅದೂ ಮುಚ್ಚಬೇಕು. ವ್ಯಾಪಾರಿಯ ತಾಯಿ ಮುಂಜಾನೆಯಿಂದ ಊಟ ಬಿಟ್ಟು ಕೂತಿದ್ದಳಂತೆ. ಉಸ್ತಾದರು ಶೀಟಿನಲ್ಲಿ ಸಣ್ಣದೊಂದು ಚೌಕ ಕೊರೆದು, ತಿರುಗಣಿ ಹಚ್ಚಿ, ಕಿಟಕಿ ಬಾಗಿಲು ಮಾಡಿಕೊಟ್ಟರು. ಹಲ್ಲುಪುಡಿಯ ಜಾಹೀರಾತಿನ ನಡುವೆ ಆ ಬಾಗಿಲು ತೆರೆದು, ಸ್ಟೂಲು ಹತ್ತಿ, ಆ ಮುದುಕಿ ದಿನಾ ಕುಂಕುಮ ಹಚ್ಚುತ್ತಿದ್ದಳಂತೆ. "ಹಬ್ಬಕ್ಕ ನನಗ ಕಡಬು ಕಳಸ್ತಾಳ್ರಿ" ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಇಂಥ ಮನುಷ್ಯನ ಮಾತನ್ನು ನಾನು ಕೇಳಲಿಲ್ಲ.

ನನ್ನದು ಬ್ಲೌಸ್ ಪೀಸಿನ ಮ್ಯಾಚಿಂಗ್ ಅಂಗಡಿ. ಬಾಗಿಲ ಮೇಲೆ ಗಚ್ಚಿನ ಕಮಾನು, ಅದರ ತುಂಬ ದ್ರಾಕ್ಷಿ ಬಳ್ಳಿ. ನನ್ನ ಯಜಮಾನರು ಇದ್ದಾಗ ಪ್ರತಿ ದೀಪಾವಳಿಗೆ ಏಣಿ ಹತ್ತಿ, ಸಣ್ಣ ಬ್ರಶ್ಶಿನಿಂದ ಒಂದೊಂದೇ ಹಣ್ಣಿಗೆ ಸುಣ್ಣ ಹಚ್ಚುತ್ತಿದ್ದರು. ಗಿರಾಕಿ ಬಿಟ್ಟು ದ್ರಾಕ್ಷಿ ಎಣಿಸುತ್ತೀರಲ್ಲ ಎಂದು ನಾನು ಬೈಯುತ್ತಿದ್ದೆ. ಅವರು ಹೋದ ಮೇಲೆ ಏಣಿ ಹತ್ತುವವರು ಯಾರೂ ಇರಲಿಲ್ಲ. ಎಡಕ್ಕೂ ಬಲಕ್ಕೂ ಅಂಗಡಿಗಳು ಫಳಫಳ ಹೊಳೆಯತೊಡಗಿದವು. ನಡುವೆ ನನ್ನದು ಮುಚ್ಚಿದ ಅಂಗಡಿಯೆಂದು ತಿಳಿದು ಜನ ಮುಂದೆ ಹೋಗುತ್ತಿದ್ದರು.

ಉಸ್ತಾದರನ್ನು ಕರೆಸಿದೆ. ಅವರು ಗೇಣು ಬಿಡಬೇಕೆಂದರು. ಅಂಗಡಿ ಮುಂದಿನ ಕಟ್ಟೆಯೇ ಮೊಳದಷ್ಟು, ಅದರಲ್ಲಿ ಗೇಣು ಹೋದರೆ ಸೀರೆ ಉಡಿಸಿದ ನನ್ನ ಗೊಂಬೆ ನಿಲ್ಲಿಸುವುದೆಲ್ಲಿ? ದೀಪಾವಳಿಯೂ ಹತ್ತಿರ ಬಂದಿತ್ತು. "ಸೀದಾ ಗೋಡೆಗಿ ಬೋಲ್ಟು ಹೊಡೀರಿ" ಎಂದೆ.

ಅವರು ಕಮಾನಿನ ಬುಡದ ಮೇಲೆ ಅಂಗೈ ಇಟ್ಟರು. "ನನ್ನ ಕೈಲಿ ಆಗಲ್ರಿ ಅಕ್ಕಾರ. ಬ್ಯಾರೇದವರಿಗಿ ಕರೀರಿ" ಎಂದು ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದರು.

ಬೇರೆಯವರು ಬಂದರು. ಮೂರನೇ ಬೋಲ್ಟಿಗೆ ಎಡಗಡೆಯ ಅರ್ಧ ಬಳ್ಳಿ ಉದುರಿ ಕಟ್ಟೆಯ ಮೇಲೆ ಬಿತ್ತು. ಅವರು ಗುಡಿಸಿ, ಶೀಟು ಮುಚ್ಚಿ, ಸಂಜೆಯೊಳಗೆ ಕೆಲಸ ಮುಗಿಸಿದರು. ದೀಪಾವಳಿಗೆ ವ್ಯಾಪಾರ ಚೆನ್ನಾಗಿಯೇ ಆಯಿತು. ಸುಳ್ಳೇಕೆ ಹೇಳಲಿ, ಒಂದು ತಿಂಗಳು ಖುಷಿಯಾಗಿಯೇ ಇದ್ದೆ. ಆಮೇಲೆ ಬೀಗ ತೆಗೆಯುವಾಗಲೆಲ್ಲ ತಲೆ ತಗ್ಗಿಸಿ ಒಳಗೆ ಹೋಗತೊಡಗಿದೆ. ಯಜಮಾನರ ಕೈ ಮುಟ್ಟಿದ ಹಣ್ಣುಗಳನ್ನು ಕಸದ ಬುಟ್ಟಿಗೆ ಹಾಕಿಸಿದವಳು ನಾನು.

ಕೊನೆಗೆ ಉಸ್ತಾದರ ಮನೆಗೇ ಹೋದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಮರುದಿನ ಬಂದು ಒಂದು ಶೀಟು ಬಿಚ್ಚಿ, ಬ್ಯಾಟರಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಅರ್ಧ ಅದ. ಉಳದಿದ್ದು ನಾ ಮಾಡ್ತೇನಿ."

"ಇನ್ನಾ ನೆನಪದ ಏನ್ರಿ ಕೆಲಸ?"

"ತಲಿಗಿ ಮರತದ. ಕೈಗಿ ಕೇಳಿ ನೋಡಬೇಕು. ಅಪ್ಪಾ ಹೊಡದು ಕಲಿಸ್ಯಾನ." ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತು ಹೇಳಿದರು: "ಮುಚ್ಚಿ ಮುಚ್ಚಿ ಸಾಕಾಗ್ಯದ್ರಿ ಅಕ್ಕಾರ. ಸಾಯೋದ್ರಾಗ ಒಂದಾದ್ರೂ ತೆರೀಬೇಕು."

ನನ್ನ ಹಿತ್ತಲಿನಲ್ಲಿ ಡ್ರಮ್ಮು ಇಟ್ಟು ಸುಣ್ಣ ನೆನೆಹಾಕಿದರು. ಮೇಲೆ ಸದಾ ನಾಲ್ಕು ಬೆರಳು ನೀರು ನಿಲ್ಲಬೇಕು, ದಿನಾ ಮುಂಜಾನೆ ಕೋಲಿನಿಂದ ತಿರುವಬೇಕು. ಅದು ನನ್ನ ಪಾಲಿನ ಕೆಲಸ. ವಾರಕ್ಕೊಮ್ಮೆ ಬಂದು ಒಂದು ಚೂರು ತೆಗೆದು ಬೆರಳಲ್ಲಿ ಉಜ್ಜಿ, "ಇನ್ನಾ ಕಚ್ಚಾ ಅದ" ಎಂದು ಚಹಾ ಕುಡಿದು ಹೋಗುತ್ತಿದ್ದರು. ಔರಾದಿನಿಂದ ದೊಡ್ಡ ಶೀಟಿನ ಕೆಲಸ ಬಂದರೂ ಒಲ್ಲೆ ಎಂದರಂತೆ. ಪ್ರತಿ ಸಲ ಬಂದಾಗ ಇನ್ನಷ್ಟು ತೆಳ್ಳಗಾಗಿರುತ್ತಿದ್ದರು, ನಾಲ್ಕು ಮೆಟ್ಟಿಲಿಗೆ ಎರಡು ಸಲ ಕೂರುತ್ತಿದ್ದರು. ದವಾಖಾನೆಗೆ ಹೋಗಿರೆಂದರೆ "ಸುಣ್ಣ ಆಗ್ಲಿ ತಡೀರಿ" ಎನ್ನುತ್ತಿದ್ದರು.

ಮೂರು ತಿಂಗಳ ಮೇಲೆ ಒಂದು ಬುಧವಾರ ಬೆರಳಲ್ಲಿ ಉಜ್ಜಿ ಕಣ್ಣು ಮುಚ್ಚಿದರು. "ಬೆಣ್ಣಿ ಆಗ್ಯದ ನೋಡ್ರಿ. ಶುಕ್ರವಾರ ನಮಾಜ್ ಮುಗಿಸಿ ಬರ್ತೇನಿ. ಗಾರಿಗಿ ಬೆರಸಲಿಕ್ಕ ಬೆಲ್ಲ ತಂದಿಡ್ರಿ, ಶೀಟು ಬಿಚ್ಚಿಸಿಡ್ರಿ."

ಗುರುವಾರವೇ ಎಲ್ಲ ಶೀಟು ಬಿಚ್ಚಿಸಿದೆ. ಶುಕ್ರವಾರ ಮುಂಜಾನೆ ಅವರ ಮಗಳು ಫೋನು ಮಾಡಿದಳು. "ಅಬ್ಬಾ ಹೋದ್ರು" ಎಂದಳು.

ಗಚ್ಚಿನ ಕೆಲಸದವರನ್ನು ಊರೆಲ್ಲ ಹುಡುಕಿದೆ. ಸಿಮೆಂಟಿನಲ್ಲಿ ಮಾಡಿಕೊಡುತ್ತೇವೆ ಅನ್ನುವವರು ಸಿಕ್ಕರು, ಅಚ್ಚು ಒತ್ತಿಕೊಡುತ್ತೇವೆ ಅನ್ನುವವರು ಸಿಕ್ಕರು. ಸಾಕಾಗಿ ಬಿಟ್ಟೆ. ಶೀಟು ಮತ್ತೆ ಹಾಕಿಸಲಿಲ್ಲ. "ಅಂಗಡಿ ಬಿದ್ದದೇನ್ರಿ?" ಎಂದು ಗಿರಾಕಿಗಳು ಕೇಳುತ್ತಾರೆ. ಹೌದೆನ್ನುತ್ತೇನೆ.

ಕಳೆದ ಭಾನುವಾರ ನಾನೇ ಬೆಲ್ಲದ ನೀರು ಬೆರೆಸಿ, ಒಂದು ಹಿಡಿ ಸುಣ್ಣ ತೆಗೆದುಕೊಂಡು ಏಣಿ ಹತ್ತಿದೆ. ಬಳ್ಳಿ ಮುರಿದ ತುದಿಯಲ್ಲಿ ಒಂದೇ ಒಂದು ಹಣ್ಣು ಮಾಡಲು ನೋಡಿದೆ. ಮೂರು ಸಲ ಉದುರಿತು. ನಾಲ್ಕನೆಯದು ನಿಂತಿತು, ಸೊಟ್ಟಗೆ, ಲಿಂಬೆಹಣ್ಣಿನಷ್ಟು ದಪ್ಪಗೆ. ಕಿತ್ತುಹಾಕಲು ಕೈ ಬರಲಿಲ್ಲ.