ಪವಾಯಿಯಲ್ಲಿ ಅಪ್ಪ ಎತ್ತಿದ ತಟ್ಟೆಗಳು

ಹೆಣ್ಣು ನೋಡುವ ಶಾಸ್ತ್ರವನ್ನು ಕಾಫಿ ಶಾಪಿನಲ್ಲಿ ಇಟ್ಟುಕೊಂಡವರನ್ನು ನಾನು ಕಂಡದ್ದು ಅದೇ ಮೊದಲು. "ಮನೆಗೆಲ್ಲ ಬಂದು ನಿಮಗೆ ಯಾಕೆ ತೊಂದರೆ ಅಕ್ಕಾ? ನಮ್ಮ ಬಿಲ್ಡಿಂಗ್ ಕೆಳಗೇ ಒಂದು ಕಾಫಿ ಶಾಪ್ ಉಂಟು, ಇಡೀ ಪವಾಯಿಯಲ್ಲಿ ಫೇಮಸ್. ಅಲ್ಲೇ ಕ್ಯಾಶುವಲ್ ಆಗಿ ಒಂದು ಡಿನ್ನರ್ ಮಾಡುವ," ಎಂದು ಹುಡುಗನ ತಾಯಿ ನನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದರು. ಮುಂಬಯಿಯ ಇನ್ನೊಂದು ಕೊನೆಯಲ್ಲಿರುವ ದಹಿಸರ್‌ನ ನಮ್ಮ ಇಕ್ಕಟ್ಟಿನ ಮನೆಗೆ ಕಾಲಿಡಲು ಮನಸ್ಸಿಲ್ಲ ಎಂಬುದನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿ ಮುಗಿಸಿದ್ದರು. ಅಮ್ಮನಿಗೆ ಅದು ಗೊತ್ತಾಗಲೇ ಇಲ್ಲ. ಅವಳಿಗೆ ಖುಷಿಯೋ ಖುಷಿ.

ನನಗೂ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ? ಮೂವತ್ತು ದಾಟಿತ್ತು. ಬಂದ ಸಂಬಂಧಗಳೆಲ್ಲ ಬಾಗಿಲವರೆಗೆ ಬಂದು ತಿರುಗಿ ಹೋಗಿದ್ದವು. ಈ ಹುಡುಗ ಮಲಾಡ್‌ನಲ್ಲಿ ನನ್ನ ಆಫೀಸಿನ ಹತ್ತಿರ ಒಂದೆರಡು ಸಲ ಬಂದು ಭೇಟಿಯಾಗಿದ್ದ. ಕನ್ನಡ ತಡವರಿಸುತ್ತಿದ್ದ, ಆದರೆ ನಾನು ಮಾತಾಡುವಾಗ ಫೋನ್ ನೋಡುತ್ತಿರಲಿಲ್ಲ. ಈ ಊರಿನಲ್ಲಿ ಅದೇನು ಸಣ್ಣ ಗುಣವೇ? ಇದೊಂದು ಕೂಡಿಬರಲಪ್ಪ ಎಂದು ದೇವರಿಗೆ ಹೇಳಿಕೊಂಡಿದ್ದೆ.

ಅಪ್ಪ ಉಡುಪಿ ಕಡೆಯಿಂದ ಬಂದು, ಮುಂಬಯಿಯ ಹೋಟೆಲುಗಳಲ್ಲಿ ಆಯುಷ್ಯವಿಡೀ ಸಪ್ಲೈಯರ್ ಆಗಿ ದುಡಿದವರು. ಮೇಜಿಗೆ ತಿಂಡಿ ತಂದಿಡುವುದು, ಎಂಜಲು ತಟ್ಟೆ ಎತ್ತುವುದು. ಸಂಬಂಧ ತಂದ ಮಧ್ಯಸ್ಥರು "ಹೋಟೆಲಿನವರು" ಎಂದಷ್ಟೇ ಹೇಳಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಹುಡುಗನ ಕಡೆಯವರು ಕೆದಕಲಿಲ್ಲ, ನಾವು ಬಿಡಿಸಿ ಹೇಳಲಿಲ್ಲ. ಜೋಗೇಶ್ವರಿಯಲ್ಲಿ ಲೋಕಲ್ ಟ್ರೇನ್ ಇಳಿದು ರಿಕ್ಷಾ ಹತ್ತಿದ್ದೇ ಅಮ್ಮ ಶುರು ಮಾಡಿದಳು. "ಅಲ್ಲಿ ನಿಮ್ಮ ಪುರಾಣ ಬಿಚ್ಬೇಡಿ ಮಾರಾಯ್ರೆ. ಸುಮ್ಮನೆ ಕೂತು ತಿಂದು ಬನ್ನಿ."

"ಆಯ್ತು ಮಾರಾಯ್ತಿ, ನಾನು ಎಂತ ಮಾತಾಡುದು?" ಎಂದರು ಅಪ್ಪ. ಪಾಪ, ಇಸ್ತ್ರಿ ಮಾಡಿದ ಬಿಳಿ ಶರ್ಟು ಮುದುಡೀತೆಂದು ರಿಕ್ಷಾದಲ್ಲಿ ಬೆನ್ನು ಒರಗಿಸದೆ ಕೂತಿದ್ದರು.

ಕಾಫಿ ಶಾಪಿನಲ್ಲಿ ಕಾಲಿಡಲು ಜಾಗವಿಲ್ಲ. ಹುಡುಗ ಮತ್ತು ಅವನ ತಾಯಿ ಮೂಲೆಯ ಮೇಜು ಹಿಡಿದಿದ್ದರು. ಅವನ ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ಕೌಂಟರಿನಲ್ಲಿ ನಾವೇ ಹೇಳಬೇಕು, ಕರೆದಾಗ ನಾವೇ ಹೋಗಿ ಟ್ರೇ ತರಬೇಕು. ಹುಡುಗ ಎದ್ದು ಹೋಗಿ ಎಲ್ಲ ತಂದ. ದಪ್ಪ ಬ್ರೆಡ್ಡಿನ ಸ್ಯಾಂಡ್‌ವಿಚ್, ಪಾಸ್ತಾ, ಎಲೆ ಸೊಪ್ಪಿನ ಸಲಾಡ್, ಕಾಫಿ. ರಾತ್ರಿ ಊಟವೆಂದರೆ ಅಪ್ಪನಿಗೆ ಗಂಜಿಯಾದರೂ ಅನ್ನವೇ ಆಗಬೇಕು. ಆ ಗಟ್ಟಿ ಬ್ರೆಡ್ಡನ್ನು ಹಲ್ಲಿಲ್ಲದ ಕಡೆಯಿಂದ ಹಲ್ಲಿದ್ದ ಕಡೆಗೆ ಹೊರಳಿಸುತ್ತ, "ಒಳ್ಳೇದುಂಟು," ಎಂದರು.

"ನಿಮ್ಮ ಹೋಟೆಲ್ ಯಾವ ಕಡೆ ಇದ್ದದ್ದು?" ಎಂದು ಹುಡುಗನ ತಾಯಿ ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ, "ಫೋರ್ಟ್‌ನಲ್ಲಿ. ಈಗ ರಿಟೈರ್ ಆಗಿದ್ದಾರೆ," ಎಂದಳು. ಅಲ್ಲಿಗೆ ಅದು ಮುಗಿಯಿತು. ಮಾತು ಮದುವೆ ಹಾಲ್, ಕ್ಯಾಟರಿಂಗ್, ಮುಂದಿನ ಮುಹೂರ್ತದವರೆಗೆ ಹೋಯಿತು. ಹುಡುಗ ಮೇಜಿನ ಕೆಳಗೆ ನನ್ನ ಕಾಲಿಗೆ ಮೆಲ್ಲಗೆ ಕಾಲು ತಾಗಿಸಿದ. ಆಯಿತು, ಇನ್ನೇನು ಬೇಕು ಎಂದುಕೊಂಡೆ.

ಎಲ್ಲರದ್ದೂ ತಿಂದಾಗಿತ್ತು. ಅವನ ತಾಯಿ ಮದುವೆ ಹಾಲ್‌ನ ಫೋಟೋ ತೋರಿಸಲು ಫೋನ್ ತೆಗೆದರು. ಇಡಲು ಜಾಗವಿಲ್ಲದೆ ತಟ್ಟೆಯೊಂದನ್ನು ಮೊಣಕೈಯಿಂದ ಸರಿಸಿದರು. ಅಪ್ಪ ಎದ್ದರು. ತಡೆಯಲಿಕ್ಕೂ ಪುರುಸೊತ್ತಾಗಲಿಲ್ಲ. ಎಡಗೈ ತುಂಬ ಅಂಗೈಯಿಂದ ಮೊಣಕೈವರೆಗೆ ತಟ್ಟೆ ಜೋಡಿಸಿಕೊಂಡರು, ಬಲಗೈಯ ಬೆರಳುಗಳನ್ನು ನೀರಿನ ಗ್ಲಾಸುಗಳೊಳಗೆ ಇಳಿಸಿ ಎಲ್ಲವನ್ನೂ ಒಟ್ಟಿಗೇ ಎತ್ತಿದರು. ಎತ್ತಿ, ಹುಡುಗನ ತಾಯಿಯನ್ನೇ ನೋಡಿ, "ಮತ್ತೆ ಎಂತ ಕೊಡ್ಲಿ?" ಎಂದು ಕೇಳಿದರು.

ಪಕ್ಕದ ಮೇಜಿನವನು ತನ್ನ ಖಾಲಿ ಕಪ್ಪನ್ನು ಮುಂದೆ ಚಾಚಿದ. "ಭಯ್ಯಾ, ಏ ಭೀ ಲೇ ಜಾನಾ."

"ಜೀ ಸಾಬ್," ಎಂದರು ಅಪ್ಪ. ಅದನ್ನೂ ತೆಗೆದುಕೊಂಡರು.

ಹುಡುಗ ನಕ್ಕುಬಿಟ್ಟ. ಅಯ್ಯೋ, ಆ ನಗೆ! ಅವನ ತಾಯಿ ನಗಲಿಲ್ಲ. ತಟ್ಟೆಗಳನ್ನು ಕೌಂಟರಿನಲ್ಲಿ ಇಟ್ಟು ಕೈ ಒರೆಸಿಕೊಳ್ಳುತ್ತ ಬಂದ ಅಪ್ಪನನ್ನು ಕೇಳಿದರು, "ನೀವು ಸಪ್ಲೈಯರ್ ಆಗಿದ್ರಾ? ನನ್ನ ತವರಿನವರದ್ದೂ ಹೋಟೆಲೇ. ನೋಡಿದ ಕೂಡ್ಲೆ ಗೊತ್ತಾಯ್ತು."

"ಹೌದು," ಎಂದರು ಅಪ್ಪ, ನೇರವಾಗಿ. ಅಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು. ಮನೆಗೆ ಮರಳುವ ದಾರಿಯುದ್ದಕ್ಕೂ ಅಪ್ಪನನ್ನು ಬೈದಳು, ಹುಟ್ಟುಗುಣ ಸುಟ್ಟರೂ ಹೋಗುದಿಲ್ಲ ಎಂದು.

ಸಂಬಂಧ ತಪ್ಪಿತೆಂದೇ ನಾನು ಅಂದುಕೊಂಡಿದ್ದೆ. ತಪ್ಪಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ವಾರವೇ ಹುಡುಗನ ತಾಯಿಯ ಫೋನ್ ಬಂತು. ಅಮ್ಮ ಸ್ಪೀಕರ್ ಹಾಕಿದಳು. ಅವರಿಗೆ ನಾನು ಒಪ್ಪಿಗೆಯಂತೆ. "ಒಂದೇ ಒಂದು ಮಾತು ಅಕ್ಕಾ. ನಮ್ಮ ತವರಿನ ಕಡೆಯವರೆಲ್ಲ ಹೋಟೆಲ್ ಮಾಲಕರು, ಮದುವೆಗೆ ಬರ್ತಾರೆ. ಬಡಿಸುವ ಕೈ ನೋಡಿ ಅವರಿಗೂ ಗುರ್ತ ಸಿಕ್ಕಿದ್ರೆ ಸರಿಯಾಗುದಿಲ್ಲ. ಆ ದಿನ ನಿಮ್ಮವರು ಊಟದ ಹಾಲ್‌ಗೆ ಬರುದು ಬೇಡ. ಮಂಟಪದಲ್ಲೇ ಇರ್ಲಿ."

ನಮ್ಮಲ್ಲಿ ಮದುವೆ ಊಟಕ್ಕೆ ಹೆಣ್ಣಿನ ತಂದೆ ಎಲೆಗಳ ಸಾಲಿನಲ್ಲಿ ನಡೆಯಬೇಕು. ಕೈಯಾರೆ ಸಿಹಿ ಬಡಿಸಿ, ಸಾವಕಾಶ ಊಟ ಮಾಡಿ ಎಂದು ಒಬ್ಬೊಬ್ಬರಿಗೂ ಉಪಚಾರ ಹೇಳಬೇಕು. ಆ ಉಪಚಾರ ಇಲ್ಲದಿದ್ದರೆ ಊಟ ಮಾಡಿದವರೂ ಊಟವಾಯಿತು ಅನ್ನುವುದಿಲ್ಲ. ಊರಿನವರಿಗೆಲ್ಲ ಬಡಿಸಿದ ಮನುಷ್ಯ ಮಗಳ ಮದುವೆಯಲ್ಲಿ ಬಡಿಸಬಾರದಂತೆ.

"ಆಗ್ಬಹುದು ಹೇಳು," ಎಂದು ಅಪ್ಪ ಅಮ್ಮನಿಗೆ ಸನ್ನೆ ಮಾಡಿದರು. ಒಂದು ಕ್ಷಣವೂ ಯೋಚಿಸಲಿಲ್ಲ.

ನನ್ನ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ನನ್ನ ಫೋನಿನಿಂದ ಹುಡುಗನಿಗೆ ಫೋನ್ ಮಾಡಿ ಕೇಳಿದೆ. "ಅರೆ ಯಾರ್, ಒಂದು ದಿನದ್ದು ಅಷ್ಟೇ," ಎಂದ ಅವನು. "ಅಂಕಲ್‌ಗೂ ಆರಾಮ್ ಸಿಗ್ತದೆ, ನಾ?" ಮಾತಾಡುವಾಗ ಫೋನ್ ನೋಡದಿರುವುದನ್ನು ದೊಡ್ಡ ಗುಣವೆಂದು ನಂಬಿದ್ದೆನಲ್ಲ, ಥೂ! ಹೊರಗೆ ಬಂದು, ಇನ್ನೂ ಮಾತಾಡುತ್ತಿದ್ದ ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡು, ಈ ಮದುವೆ ನನಗೆ ಬೇಡ ಎಂದು ಅವನ ತಾಯಿಗೆ ಹೇಳಿ ಇಟ್ಟುಬಿಟ್ಟೆ.

ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಅಪ್ಪನ ಪರವಾಗಿ ನಿಂತೆ ಎಂಬ ಹಮ್ಮಿನಲ್ಲಿ ನಾನು ಅವರ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿದ್ದುದು ಸಿಟ್ಟಿನಿಂದ. ಹಾಗೆ ಅವರು ನನ್ನನ್ನು ಎಂದೂ ನೋಡಿದ್ದಿಲ್ಲ.

"ನಾನು ಬಡಿಸದಿದ್ರೆ ಎಂತ ಆಗ್ತಿತ್ತು, ಮಗಾ?" ಎಂದರು. "ಇನ್ನು ನಾನು ಸಾಯುವವರೆಗೆ ನನ್ನಿಂದಲೇ ನಿನ್ನ ಮದುವೆ ನಿಂತದ್ದು ಅಂತ ಆಯ್ತಲ್ಲ."