ಕದ್ದು ನೆಟ್ಟ ಸೇವಂತಿಗೆ

ಸೇವಂತಿಗೆ ಮರಿಯನ್ನು ಕೇಳಿ ತಂದು ನೆಟ್ಟರೆ ಬರುವುದಿಲ್ಲ, ಕದ್ದು ತಂದರೆ ಮಾತ್ರ ಗಿಡದ ತುಂಬ ಹೂ ಬಿಡುತ್ತದೆ ಎಂದು ಚಂದಕವಾಡಿಯ ನಮ್ಮ ಬೀದಿಯ ಹೆಂಗಸರೆಲ್ಲ ನಂಬಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಚಾಮರಾಜನಗರದ ಬಾಡಿಗೆ ಮನೆಗೆ ಬಂದಾಗ ಟ್ರಂಕಿನ ಜೊತೆ ಆ ನಂಬಿಕೆಯನ್ನೂ ಹೊತ್ತು ತಂದಿದ್ದೆ.

ಪಕ್ಕದ ಮನೆಯ ಅಕ್ಕ ಉಮ್ಮತ್ತೂರಿನವರು. ಚಾಮರಾಜನಗರದಲ್ಲಿ ನನಗಿದ್ದ ಒಬ್ಬರೇ ಗೆಳತಿ. ಸೀಮೆಎಣ್ಣೆ ಸ್ಟೌ ಹಚ್ಚಲು ಕಲಿಸಿದವರು, ಬಸುರಿನಲ್ಲಿ ವಾಂತಿಯಾದಾಗ ತಲೆ ಹಿಡಿದವರು ಅವರೇ. ಅವರ ಮೆಟ್ಟಿಲ ಪಕ್ಕದ ಒಡಕು ಬಿಂದಿಗೆಯಲ್ಲಿ ಹಳದಿ ಸೇವಂತಿಗೆ ಇತ್ತು. ಅದರ ಮೇಲೆ ನನಗೆ ಆಸೆ ಹುಟ್ಟಿತು.

ಸಂಕ್ರಾಂತಿ ಕಳೆದು ಹೂ ಮುಗಿದ ಮೇಲೆ ಬುಡದಲ್ಲಿ ಮರಿ ಒಡೆಯುತ್ತವೆ. ಅಕ್ಕ ಮಲಗಿದ್ದ ಒಂದು ಮಧ್ಯಾಹ್ನ ಹೋಗಿ ಒಂದು ಮರಿಯನ್ನು ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ, ಗಿಡದ ಅರ್ಧ ಬೇರೇ ಕೈಗೆ ಬಂತು. ಗಾಬರಿಯಾಗಿ ಮಣ್ಣೊತ್ತಿ ಓಡಿಬಂದು ಮರಿಯನ್ನು ನನ್ನ ಕುಂಡದಲ್ಲಿ ನೆಟ್ಟೆ. ಕೆಲವೇ ದಿನಗಳಲ್ಲಿ ಅಕ್ಕನ ಗಿಡ ಪೂರ್ತಿ ಒಣಗಿತು. ನನ್ನ ಕುಂಡದಲ್ಲಿದ್ದದ್ದು ಚಿಗುರಿತು.

ಅಕ್ಕ ಬೇಲಿಯಾಚೆಯಿಂದ ಅದನ್ನು ನೋಡಿದರು.

"ಕದ್ದಿದ್ಕಲ್ಲ ಕಣಮ್ಮಿ, ಎಲ್ರೂ ಕದಿಯೋದೇಯ. ಅದು ನಮ್ಮವ್ವ ನೆಟ್ಟಿದ್ ಗಿಡ. ಅವ್ವ ಸತ್‌ಮೇಲೆ ಊರಿಂದ ಬಸ್ಸಲ್ಲಿ ತೊಡೆ ಮೇಲಿಟ್ಕಂಡ್ ತಂದಿದ್ದೆ. ಸಾಯಿಸ್ಬುಟ್ಟಲ್ಲ."

ನಾನು ಕುಂಡವನ್ನೇ ಎತ್ತಿಕೊಂಡು ಹೋಗಿ ಬಾಗಿಲು ಬಡಿದೆ. "ನೀನೇ ಮಡಿಕೊ. ಕೊಟ್ಟಿದ್ ಗಿಡ ನನ್ ಕೈಲಿ ಬರಾಕಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಅಲ್ಲಿಗೆ ಮಾತು ನಿಂತಿತು.

"ಒಂದ್ ಗಿಡಕ್ಕ ಇಷ್ಟೊಂದಾ? ಬುಡು, ಸರಿಹೋಯ್ತದ" ಎಂದು ನನ್ನ ಗಂಡ ನಕ್ಕರು. ಅವರ ಮೇಲೆ ಹರಿಹಾಯ್ದೆ. ಮಗು ಹುಟ್ಟಿದಾಗಲೂ ಅಕ್ಕ ಬರಲಿಲ್ಲ. ಅದರಿಂದ ನನಗೆ ತುಂಬಾ ನೋವಾಯಿತು. ತಪ್ಪು ನನ್ನದೇ ಆದ್ದರಿಂದ ಯಾರ ಬಳಿಯೂ ಹೇಳಿಕೊಳ್ಳುವ ಹಾಗಿರಲಿಲ್ಲ. ಗಿಡವನ್ನು ಮಾತ್ರ ಹಟ ಹಿಡಿದು ಸಾಕಿದೆ. ಕೊಟ್ಟಿಗೆ ಗೊಬ್ಬರ ಹಾಕಿದೆ, ಕವಲೊಡೆಯಲೆಂದು ತುದಿ ಚಿವುಟಿದೆ, ವಾಲದಂತೆ ಕಡ್ಡಿ ಊರಿ ಕಟ್ಟಿದೆ. ಕಾರ್ತಿಕದಲ್ಲಿ ಎಲೆ ಕಾಣದಷ್ಟು ಹೂ ಬಿಟ್ಟಿತು. ಒಂದನ್ನೂ ಮುಡಿಯಲು ಮನಸ್ಸಾಗಲಿಲ್ಲ.

ಮತ್ತೆ ಸಂಕ್ರಾಂತಿ ಕಳೆಯಿತು, ಮರಿ ಒಡೆದವು. ಆಗ ನನಗೆ ಒಂದು ಉಪಾಯ ಹೊಳೆಯಿತು. ಕುಂಡವನ್ನು ಬೇಲಿಯ ಕಂಡಿಯ ಪಕ್ಕಕ್ಕೆ ಸರಿಸಿದೆ. ದಿನಾ ನೀರು ಹಾಕಿ ಮಣ್ಣು ಸಡಿಲ ಮಾಡುವುದು, ಊಟವಾದ ಮೇಲೆ ಸದ್ದಾಗುವಂತೆ ಬಾಗಿಲು ಹಾಕಿಕೊಂಡು ಮಗುವನ್ನೆತ್ತಿ ಕಿಟಕಿಯ ಸಂದಿಯಲ್ಲಿ ಕಾಯುವುದು. ಐದನೆಯ ದಿನ ಹಸಿರು ಬಳೆಯ ಕೈಯೊಂದು ಕಂಡಿಯೊಳಗೆ ಬಂತು. ಅದು ಆತುರಪಡಲಿಲ್ಲ. ಬುಡದಲ್ಲಿ ಬೆರಳಾಡಿಸಿ, ಮರಿಯ ಬೇರನ್ನಷ್ಟೇ ನಿಧಾನವಾಗಿ ಬಿಡಿಸಿತು. ತಾಯಿಗಿಡ ಅಲುಗಲೇ ಇಲ್ಲ. ಗಿಡ ಕದಿಯುವುದು ಹೇಗೆಂದು ನಾನು ಕಲಿತದ್ದು ಆವತ್ತು.

ಅಷ್ಟರಲ್ಲಿ ಮಗು ಕಿರುಚಿ ಅತ್ತಿತು. ಕೈ ಸರಕ್ಕನೆ ಮರೆಯಾಯಿತು. ಮರಿಯೂ ಅದರ ಜೊತೆ ಹೋಗಿತ್ತು, ಸದ್ಯ.

ಸಂಜೆ ಅಕ್ಕ ಬೇಲಿಯ ಬಳಿ ಬಂದು ನಿಂತರು. ಅವರ ಉಗುರಲ್ಲಿ ಇನ್ನೂ ಮಣ್ಣಿತ್ತು.

"ಮಗ ಯಾಕಮ್ಮಿ ಮಧ್ಯಾಹ್ನ ಅಂಗೆ ಅತ್ತಿದ್ದು?"

ಒಂದು ವರ್ಷದ ಮೇಲೆ ಕೇಳಿದ ಮೊದಲ ಮಾತು.

"ಗೊತ್ತಿಲ್ಲ ಕಣಕ್ಕ," ಎಂದೆ. "ನಾನು ಚೆನ್ನಾಗಿ ನಿದ್ದೆ ಮಾಡ್ಬುಟ್ಟಿದ್ದೆ."